ಹುಳು ಮನೆಯಲ್ಲಿ ಒಣಗಿದ ಸೊಪ್ಪು

ಶುಕ್ರವಾರ ಮಧ್ಯಾಹ್ನ ಗಾಜಿನ ನಳಿಕೆಯಲ್ಲಿದ್ದ ನೇರಳೆ ಬಣ್ಣ ಹಾಗೇ ನಿಂತುಬಿಟ್ಟಿತು. ಅರ್ಧ ಗಂಟೆ ಕತ್ತಲ ಕಪಾಟಿನಲ್ಲಿಟ್ಟು ತೆಗೆದರೂ ಅದೇ ನೇರಳೆ. ಕಾಯುವುದು ನನ್ನ ಜಾಯಮಾನಕ್ಕೆ ಒಗ್ಗುವ ಕೆಲಸವಲ್ಲ. ಒಲೆಯ ಮೇಲಿಟ್ಟ ಹಾಲನ್ನೂ ನಿಂತು ನೋಡಿದವಳಲ್ಲ ನಾನು. ಆದರೂ ಅಂದು ಇನ್ನೊಂದು ಅರ್ಧ ಗಂಟೆ ಕಾದೆ. ಬಣ್ಣ ಸ್ವಲ್ಪ ತೆಳುವಾಯಿತು, ಅಷ್ಟೇ.

ಪರೀಕ್ಷೆ ಸರಳವಾದದ್ದು. ನೇರಳೆ ಬಣ್ಣದ ಒಂದು ದ್ರಾವಣಕ್ಕೆ ಸೊಪ್ಪಿನ ಸತ್ವವನ್ನು ಹನಿಸಬೇಕು. ದೇಹದೊಳಗೆ ನಡೆಯುವ ಒಂದು ಬಗೆಯ ತುಕ್ಕು ಹಿಡಿಯುವಿಕೆಯನ್ನು, ಅಂದರೆ ಉತ್ಕರ್ಷಣ ಒತ್ತಡವನ್ನು, ತಡೆಯುವ ಶಕ್ತಿ ಆ ಸತ್ವಕ್ಕೆ ಇದ್ದರೆ ನೇರಳೆ ಕರಗಿ ಹಳದಿಯಾಗುತ್ತದೆ. ಶಕ್ತಿ ಇಲ್ಲದಿದ್ದರೆ ಇಲ್ಲ. ಎರಡು ತಿಂಗಳ ಹಿಂದೆ ಇದೇ ಹಿಪ್ಪುನೇರಳೆ ಸೊಪ್ಪಿನ ಮೊದಲ ಬ್ಯಾಚು ನಾನು ಪುಸ್ತಕದಲ್ಲಿ ಸಮಯ ಬರೆದುಕೊಳ್ಳುವಷ್ಟರಲ್ಲಿ ಹಳದಿಗೆ ತಿರುಗಿತ್ತು. ಆ ಸಂಜೆ ಇಡೀ ವಿಭಾಗಕ್ಕೆ ಬೋಂಡ ತರಿಸಿದ್ದೆ.

ನಾನು ಕೋಲಾರದ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಅದರ ಜೊತೆಗೇ ಡಾಕ್ಟರೇಟಿನ ಕೆಲಸ ನಡೆದಿತ್ತು: ರೇಷ್ಮೆ ಹುಳುಗಳು ತಿನ್ನುವ ಸೊಪ್ಪಿನ ಸತ್ವ ರಕ್ತದ ಕೊಲೆಸ್ಟ್ರಾಲನ್ನು ಇಳಿಸುತ್ತದೆಯೇ, ಯಕೃತ್ತಿನ ಮೇಲಿನ ಉತ್ಕರ್ಷಣ ಒತ್ತಡವನ್ನು ತಗ್ಗಿಸುತ್ತದೆಯೇ ಎಂದು ನೋಡುವುದು. ಪ್ರಬಂಧ ಸಲ್ಲಿಸುವ ಗಡುವನ್ನು ಒಮ್ಮೆ ಮುಂದೂಡಿಸಿಕೊಂಡಿದ್ದೆ. ಇನ್ನೊಮ್ಮೆ ಕೇಳಬೇಡಿ ಎಂದು ವಿಶ್ವವಿದ್ಯಾಲಯದವರು ಪತ್ರದಲ್ಲೇ ಬರೆದಿದ್ದರು. ಪ್ರಾಣಿಶಾಲೆಯಲ್ಲಿ ಮೂವತ್ತು ಬಿಳಿ ಇಲಿಗಳಿದ್ದವು. ಅವುಗಳಲ್ಲಿ ಹೆಚ್ಚಿನವು ವಾರಗಟ್ಟಲೆಯಿಂದ ವನಸ್ಪತಿ, ಕೊಬ್ಬರಿ ಎಣ್ಣೆ ಬೆರೆಸಿದ ಉಂಡೆ ತಿಂದು ಮೈಕೈ ತುಂಬಿಕೊಂಡಿದ್ದವು. ಸೋಮವಾರದಿಂದ ಅವುಗಳಿಗೆ ಸತ್ವ ಕುಡಿಸಲು ಶುರು ಮಾಡಬೇಕು. ಪ್ರಾಣಿ ಪ್ರಯೋಗದ ಸಮಿತಿಯವರು ಅನುಮತಿ ಕೊಟ್ಟಿದ್ದು ಆ ಮೂವತ್ತಕ್ಕೆ ಮಾತ್ರ, ಮತ್ತೊಂದು ಸಲ ಕೊಡುವುದಿಲ್ಲ. ಅಂಥ ಹೊತ್ತಿನಲ್ಲಿ ಎರಡನೆಯ ಬ್ಯಾಚು ಕೈಕೊಟ್ಟಿತ್ತು. ಸತ್ವ ಕೆಟ್ಟರೆ ಇಲಿಗಳು ವ್ಯರ್ಥ, ಇಲಿಗಳು ವ್ಯರ್ಥವಾದರೆ ನನ್ನ ಆರು ವರ್ಷವೂ ವ್ಯರ್ಥ.

ಶನಿವಾರ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆಗೆದವರು ನಮ್ಮ ಅಟೆಂಡರ್ ಅಣ್ಣ. ನಂಗಲಿಯವರು, ನಿವೃತ್ತಿಗೆ ಹತ್ತಿರದವರು. ನಾನು ಈ ಕಾಲೇಜಿಗೆ ಸೇರುವ ಮೊದಲೇ ಇಲ್ಲಿನ ಎಷ್ಟೋ ಪ್ರಯೋಗಗಳು ಕೆಡುವುದನ್ನು ಕಂಡವರು. ನನ್ನ ಮುಖ ನೋಡಿಯೇ ಟೀ ತರಲು ಹೊರಟರು.

ಮೊದಲು ದ್ರಾವಣದ ಮೇಲೆ ಅನುಮಾನಪಟ್ಟೆ. ಹೊಸದಾಗಿ ಕಲಸಿದೆ. ಹೋಲಿಕೆಗೆಂದು ಇಟ್ಟ ವಿಟಮಿನ್ ಸಿ ಹಾಕಿದ ಕೂಡಲೇ ಹಳದಿಯಾಯಿತು. ಅಲ್ಲಿಗೆ ದ್ರಾವಣ ಸರಿ. ಫ್ರಿಜ್ಜಿನಲ್ಲಿ ಉಳಿದಿದ್ದ ಮೊದಲ ಬ್ಯಾಚಿನ ಸತ್ವ ಹಾಕಿದೆ, ಅದೂ ಹಳದಿ. ಸತ್ವ ಇಳಿಸುವಾಗ ಬಿಸಿ ಹೆಚ್ಚಾಯಿತೇನೋ ಎಂದು ಎರಡನೆಯ ಬ್ಯಾಚಿನ ಒಣಪುಡಿಯನ್ನೇ ಸ್ವಲ್ಪ ತೆಗೆದು, ಬಿಸಿಯನ್ನೇ ತೋರಿಸದೆ ನೀರು ಮತ್ತು ಆಲ್ಕೋಹಾಲಿನಲ್ಲಿ ನೆನೆಸಿ ಸೋಸಿ ನೋಡಿದೆ. ನೇರಳೆ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ತಪ್ಪು ದ್ರಾವಣದಲ್ಲಿಲ್ಲ, ನನ್ನ ಕೈಯಲ್ಲಿಲ್ಲ, ಸೊಪ್ಪಿನಲ್ಲೇ ಇದೆ ಎಂದು ಖಾತ್ರಿಯಾಯಿತು.

"ಸೊಪ್ಪಿಗೆ ದೃಷ್ಟಿ ಆಗಿರ್ಬೇಕು ಮೇಡಂ" ಅಂದರು ಅಣ್ಣ, ಟೀ ಲೋಟ ಇಡುತ್ತಾ.

"ಅಣ್ಣಾ, ತಮಾಷೆಗೆ ಇದು ಹೊತ್ತಲ್ಲ."

"ತಮಾಷೆ ಬಿಡಿ. ಬೂದಿ ಮಾಡಿ ನೋಡಿದ್ರಾ?"

ನೋಡಿರಲಿಲ್ಲ. ಯಾವ ಸೊಪ್ಪು ಬಂದರೂ ಮೊದಲು ಮೂಸೆಯಲ್ಲಿಟ್ಟು ಕುಲುಮೆಯಲ್ಲಿ ಸುಟ್ಟು, ಉಳಿದ ಬೂದಿಯನ್ನು ತೂಗಬೇಕು. ಮಣ್ಣು, ಮರಳು, ಕಲಬೆರಕೆ ಏನಿದ್ದರೂ ಅಲ್ಲಿ ಸಿಕ್ಕಿಬೀಳುತ್ತದೆ. ಮೊದಲ ಬ್ಯಾಚಿಗೆ ಮಾಡಿದ್ದೆ. ಎರಡನೆಯದಕ್ಕೆ ಅವಸರದಲ್ಲಿ ಬಿಟ್ಟಿದ್ದೆ. ಪ್ರತಿ ವರ್ಷ ತರಗತಿಯಲ್ಲಿ ಬೂದಿ ಪರೀಕ್ಷೆ ಬಿಟ್ಟ ವಿದ್ಯಾರ್ಥಿಗಳ ಚಳಿ ಬಿಡಿಸುವವಳು ನಾನೇ. ಅಣ್ಣನಿಗೆ ಅದು ಗೊತ್ತಿತ್ತು. ಸುಮ್ಮನೆ ಹೋಗಿ ಕುಲುಮೆ ಹಚ್ಚಿದರು.

ಮಧ್ಯಾಹ್ನದ ಹೊತ್ತಿಗೆ ಬೂದಿ ತಣ್ಣಗಾಯಿತು. ತೂಕ ಮೊದಲ ಬ್ಯಾಚಿನದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟಿತ್ತು. ಇನ್ನು ಸುಡದೆ ಉಳಿದಿದ್ದ ಸೊಪ್ಪಿನ ಪುಡಿಯ ಮೇಲೆ ಒಂದು ಹನಿ ಆಮ್ಲ ಬಿಟ್ಟೆ. ಸೋಡಾ ಬಾಟಲಿ ತೆಗೆದಂತೆ ಬುಸ್ಸೆಂದು ನೊರೆ ಬಂತು. ಹಿಪ್ಪುನೇರಳೆ ಎಲೆಯ ಒಳಗೆ ಹುಟ್ಟಿನಿಂದಲೇ ಸುಣ್ಣದ ಸಣ್ಣ ಹರಳುಗಳಿರುತ್ತವೆ, ಒಂದಿಷ್ಟು ಗುಳ್ಳೆ ಏಳುವುದು ಸಹಜ. ಆದರೆ ಇಷ್ಟಲ್ಲ. ಕಾಗದದ ಪಟ್ಟಿ ಅದ್ದಿದರೆ ಸತ್ವ ಕ್ಷಾರ ಎಂದು ತೋರಿಸಿತು. ಸೊಪ್ಪಿನಲ್ಲಿ ನಮಗೆ ಬೇಕಾದ ಅಂಶಗಳು ಕ್ಷಾರ ತಗುಲಿದರೆ ಕಂದಿ ಕೆಟ್ಟುಹೋಗುತ್ತವೆ. ಸತ್ವ ಯಾಕೆ ಹಸಿರಾಗಿರದೆ ಕಂದು ಬಣ್ಣಕ್ಕಿತ್ತು ಎಂಬುದು ಆಗ ಹೊಳೆಯಿತು. ಅದನ್ನು ನೋಡಿಯೂ ಬೇಸಿಗೆಯ ಎಲೆ ಹೀಗೇ ಇರಬಹುದೆಂದು ಸಮಾಧಾನ ಮಾಡಿಕೊಂಡಿದ್ದೆ.

ಎಲೆಯ ಮೇಲೆ ಸುಣ್ಣ ಬಿದ್ದಿದೆ. ಎಲ್ಲಿ ಬಿತ್ತು? ಸೊಪ್ಪು ಬಂದಿದ್ದು ಮುಳಬಾಗಿಲು ತಾಲ್ಲೂಕಿನ ಬೈರಕೂರಿನ ಹತ್ತಿರದ ಒಂದು ಊರಿನಿಂದ. ಅಲ್ಲಿ ಅಟೆಂಡರ್ ಅಣ್ಣನ ಸೋದರತ್ತೆಯ ಮಗಳು ರೇಷ್ಮೆ ಬೆಳೆಯುತ್ತಾರೆ. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತೇನೆ. ಮೊದಲ ಬ್ಯಾಚಿಗೆ ಒಂದು ಕಂತೆ ಸೊಪ್ಪು ತಂದು ನಮ್ಮ ಕಾಲೇಜಿನ ಮೊಗಸಾಲೆಯಲ್ಲೇ ಪೇಪರಿನ ಮೇಲೆ ಹರಡಿ ಒಣಗಿಸಿದ್ದೆ. ಇಲಿಗಳಿಗೆ ವಾರಗಟ್ಟಲೆ ಕುಡಿಸಲು ಮೂಟೆಗಟ್ಟಲೆ ಬೇಕಿತ್ತು, ಕಾಲೇಜಿನಲ್ಲಿ ಜಾಗವಿರಲಿಲ್ಲ. ಆಗ ಅಕ್ಕನ ರೇಷ್ಮೆ ಬೆಳೆ ಇಳಿದು ಹುಳು ಮನೆ ಖಾಲಿಯಿತ್ತು. ನೆರಳು, ಗಾಳಿ, ನೈಲಾನ್ ಬಲೆ ಬಿಗಿದ ಅಂತಸ್ತಿನ ಸ್ಟ್ಯಾಂಡುಗಳು. ಸೊಪ್ಪು ಒಣಗಿಸಲು ಅದಕ್ಕಿಂತ ಒಳ್ಳೆಯ ಜಾಗ ಜಿಲ್ಲೆಯಲ್ಲೇ ಇಲ್ಲ ಎಂದುಕೊಂಡಿದ್ದೆ.

ಭಾನುವಾರ ಬೆಳಿಗ್ಗೆ ಅಣ್ಣನನ್ನೂ ಕರೆದುಕೊಂಡು ಬಸ್ಸು ಹತ್ತಿದೆ. ಮುಳಬಾಗಿಲಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದು ಕಳ್ಳ ಲೆಕ್ಕ ನಡೆದಿತ್ತು. ಬಣ್ಣ ಸ್ವಲ್ಪ ತೆಳುವಾಗಿತ್ತಲ್ಲ, ಈ ಸತ್ವಕ್ಕೆ ಒಂದಿಷ್ಟು ಶಕ್ತಿಯಾದರೂ ಉಳಿದಿದೆ. ಪ್ರಮಾಣ ಹೆಚ್ಚಿಸಿ ಕುಡಿಸಿದರೆ ಏನೋ ಒಂದು ಫಲ ಬರಬಹುದು, ಯಾರಿಗೂ ತಿಳಿಯುವುದಿಲ್ಲ, ಸೋಮವಾರದ ಕೆಲಸ ಸೋಮವಾರವೇ ಶುರುವಾಗುತ್ತದೆ. ಈ ಯೋಚನೆ ಬಂದಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯಾದ ಮೇಲೂ ಅದು ಹೋಗಲಿಲ್ಲ.

ಅಕ್ಕ ಅಂಗಳದಲ್ಲೇ ಸಿಕ್ಕರು. ಐವತ್ತು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸು. ನಡೆಯುವುದೂ ಬೇಗ, ಮಾತೂ ಬೇಗ, ಕನ್ನಡದಲ್ಲಿ ಹೊರಟ ಮಾತು ಯಾವಾಗ ತೆಲುಗಿಗೆ ಹೊರಳಿತೆಂದು ಅವರಿಗೇ ತಿಳಿಯದು.

"ಏಮಮ್ಮಾ, ಹೇಳ್ದೆ ಕೇಳ್ದೆ ಬಂದ್ಬಿಟ್ಟೆ! ಸೊಪ್ಪು ಸಾಕಾಗ್ಲಿಲ್ವಾ? ಮೊದ್ಲು ಕೂತ್ಕೊ, ಮುದ್ದೆ ಆಗ್ತಾ ಐತೆ."

ನಾನು ಕೂರಲಿಲ್ಲ. "ಅಕ್ಕಾ, ಸೊಪ್ಪು ಹೇಗೆ ಒಣಗಿಸಿದಿರಿ? ಮೊದಲಿಂದ ಹೇಳಿ" ಅಂದೆ.

ಅವರ ಮುಖ ಅರಳಿತು. ಹೆಮ್ಮೆಯ ಕೆಲಸದ ಬಗ್ಗೆ ಯಾರಾದರೂ ಕೇಳಲಿ ಎಂದೇ ಕಾದಿದ್ದವರ ಹಾಗೆ ನನ್ನ ಕೈ ಹಿಡಿದು ಹಿತ್ತಿಲಿನ ಹುಳು ಮನೆಗೆ ಕರೆದೊಯ್ದರು. ಹೊಸ್ತಿಲಲ್ಲಿ ನೀರಿನಲ್ಲಿ ಕಾಲು ತೊಳೆಸಿದರು. ಚಪ್ಪಲಿ ಆಚೆ, ಕೈಚೀಲ ಆಚೆ.

"ನೋಡು, ಮೊದ್ಲು ಎಲ್ಲಾ ಸ್ಟ್ಯಾಂಡು ಆಚೆ ಹಾಕಿ ತೊಳೆದ್ವಿ. ಆಮೇಲೆ ಬ್ಲೀಚಿಂಗ್ ಪೌಡರ್ ನೀರು ಗೋಡೆಗೆ, ನೆಲಕ್ಕೆ, ಸೂರಿಗೆ ಎಲ್ಲಾ ಹೊಡೆದು, ಒಂದಿನ ಬಾಗ್ಲು ಹಾಕ್ಬಿಟ್ಟು, ಮಾರನೇ ದಿನ ನಿನ್ನ ಸೊಪ್ಪು ತೊಳೆದು ತಂದು ಹಾಸಿದ್ವಿ. ತೇವ ಇತ್ತಲ್ಲ, ಅದಕ್ಕೆ ಹುಳ ಜ್ವರಕ್ಕೆ ಹೋದಾಗ ಹಾಕೋ ಹಂಗೆ ಸುಣ್ಣದ ಪುಡೀಗೆ ಚೂರು ಬ್ಲೀಚಿಂಗ್ ಸೇರಿಸಿ, ತೆಳ್ಳಗೆ ಬಟ್ಟೇಲಿ ಉದುರಿಸ್ದೆ. ಬೆಳಿಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ. ಒಂದೆಲೆ ಕೊಳೀಲಿಲ್ಲ ನೋಡು!"

ರೇಷ್ಮೆ ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ಮಂಕಾಗಿ ಮಲಗುವುದನ್ನು ಇಲ್ಲಿ ಜ್ವರ ಎನ್ನುತ್ತಾರೆ. ಆಗ ಹಾಸಿನ ಮೇಲೆ ಸುಣ್ಣದ ಪುಡಿ ಉದುರಿಸಿದರೆ ತೇವ ಹೀರಿ, ರೋಗ ತಟ್ಟದೆ ಹುಳು ಬದುಕುತ್ತದೆ. ಈ ಅಕ್ಕನ ಮನೆಯಲ್ಲಿ ಬೆಳೆ ಕೆಟ್ಟ ನೆನಪು ಊರಿನಲ್ಲಿ ಯಾರಿಗೂ ಇಲ್ಲ. ತಮ್ಮ ಹುಳುಗಳಿಗೆ ಮಾಡುವ ಬಾಣಂತನವನ್ನೆಲ್ಲ ಅವರು ನನ್ನ ಸೊಪ್ಪಿಗೆ ಮಾಡಿದ್ದರು. ಆಮೇಲೆ ಎಲೆ ಎಲೆಯನ್ನೂ ಬಟ್ಟೆಯಲ್ಲಿ ಒರೆಸಿ, ಪುಡಿ ಕಾಣದ ಹಾಗೆ ಮೂಟೆ ಕಟ್ಟಿ ಕಳಿಸಿದ್ದರು.

ನನಗೆ ಒಂದೇ ಸಲ ಅಳುವೂ ಸಿಟ್ಟೂ ಬಂತು. ಸಿಟ್ಟೇ ಮುಂದಾಯಿತು. "ಅಯ್ಯೋ ಅಕ್ಕಾ, ಸುಣ್ಣ ಯಾಕೆ ಹಾಕಿದ್ರಿ? ಸೊಪ್ಪಿನ ಶಕ್ತಿಯೆಲ್ಲ ಅದರಿಂದಲೇ ಹೋಯ್ತು. ಇಲಿಗಳಿಗೆ ಕೊಡೋ ಹಾಗಿಲ್ಲ. ನನ್ನ ಕೆಲಸ ಎಲ್ಲ ಮಣ್ಣುಪಾಲು!"

ಅಕ್ಕ ನನ್ನ ಕೈ ಬಿಟ್ಟರು. ಸ್ಟ್ಯಾಂಡಿನ ಬಲೆಯ ಮೇಲೆ ಬೆರಳಾಡಿಸುತ್ತಾ ನಿಂತರು. ಅಣ್ಣ ಬಾಗಿಲಲ್ಲಿ ಕೆಮ್ಮಿದರು.

"ನೀನೇ ಹೇಳಿದ್ದಲ್ಲಮ್ಮಾ" ಎಂದರು ಅಕ್ಕ ಕೊನೆಗೆ, ಮೆಲ್ಲಗೆ. "ಔಷಧಿಗೆ ಹೋಗೋ ಸೊಪ್ಪು, ನಿಮ್ಮ ಹುಳಕ್ಕೆ ಎಷ್ಟು ಶುಚಿ ಮಾಡ್ತೀರೋ ಅಷ್ಟೇ ಶುಚಿ ಮಾಡಿ ಅಂತ. ಬಸ್ಸಿನ ಹತ್ರ ನಿಂತ್ಕೊಂಡು ಹೇಳ್ದೆ."

ಹೇಳಿದ್ದೆ. ಇಂಗ್ಲಿಷಿನಲ್ಲಿ ಅರ್ಧ ಪುಟ ಇದ್ದ ವಿಧಾನವನ್ನು ಕನ್ನಡದಲ್ಲಿ ಕೂತು ವಿವರಿಸುವ ತಾಳ್ಮೆ ಇಲ್ಲದೆ, ಒಂದೇ ವಾಕ್ಯದಲ್ಲಿ ಮುಗಿಸಿ ಬಸ್ಸು ಹತ್ತಿದ್ದೆ. ಎಷ್ಟು ಚೆನ್ನಾಗಿ ಅವರಿಗೆ ಅರ್ಥವಾಗುವ ಹಾಗೆ ಹೇಳಿದೆ ಎಂದು ದಾರಿಯಲ್ಲಿ ಬೀಗಿಯೂ ಇದ್ದೆ. ಆ ಹೆಂಗಸು ನನ್ನ ಮಾತನ್ನು ಚಾಚೂ ತಪ್ಪದೆ ನಡೆಸಿದ್ದರು.

"ತಪ್ಪಾಯ್ತು ಅಕ್ಕ" ಅಂದೆ.

"ಹೋಗ್ಲಿ ಬಿಡು" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಈಗೇನ್ ಮಾಡ್ಬೇಕು ಅದು ಹೇಳು. ಗುರುವಾರ ನನ್ನ ಮನೇಗೆ ಚಾಕಿ ಹುಳ, ಹೊಸ ಬೆಳೆ ಮರಿಗಳು, ಬರ್ತವೆ. ಆಮೇಲೆ ನನ್ನನ್ನ ಯಾವ ದೇವ್ರು ಕರೆದ್ರೂ ಬರಕ್ಕಾಗಲ್ಲ."

ತೋಟದ ಬದುವಿನಲ್ಲಿ ನಿಂತು ಮಾರ್ಗದರ್ಶಕರಿಗೆ ಫೋನು ಮಾಡಿದೆ. ಅವರು ಮಿತಭಾಷಿಗಳು. ನಡೆದದ್ದನ್ನೆಲ್ಲ ಹೇಳಿ, ಬಸ್ಸಿನಲ್ಲಿ ಹೊಳೆದ ಕಳ್ಳ ಲೆಕ್ಕವನ್ನೂ ಹೇಳಿಬಿಟ್ಟೆ. ಪ್ರಮಾಣ ಹೆಚ್ಚಿಸಿದರೆ ಹೇಗೆ ಸರ್?

"ಹೆಚ್ಚಿಸಬಹುದು. ಆಗ ಇಲಿಗಳಿಗೆ ನೀವು ಕೊಡೋದು ಸೊಪ್ಪೋ ಸುಣ್ಣವೋ ಅಂತ ನೀವೇ ಹೇಳಬೇಕಾಗುತ್ತೆ. ಇಲ್ಲದಿದ್ದರೆ ಹೊಸ ಸೊಪ್ಪು ಒಣಗಿಸಿ. ಅಲ್ಲೀತನಕ ಇಲಿಗಳ ಎಲ್ಲಾ ಗುಂಪಿಗೂ ಈಗಿರೋ ಆಹಾರವನ್ನೇ ಮುಂದುವರಿಸಬೇಕು. ಸಮಿತಿಗೆ ನಾನು ಪತ್ರ ಬರೀತೀನಿ. ಆದರೆ ಗಡುವಿನ ವಿಷಯದಲ್ಲಿ ನನ್ನ ಕೈಲಿ ಏನೂ ಇಲ್ಲ. ಬರೆಯೋದಕ್ಕೆ ನಿಮಗೆ ಉಳಿಯೋದು ತೀರ ಕಡಿಮೆ ದಿನ. ಯೋಚನೆ ಮಾಡಿ."

ಯೋಚನೆ ಮಾಡುವ ಹೊತ್ತಿಗೆ ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ, ಕುಡುಗೋಲು ಹಿಡಿದು ಸಾಲಿನೊಳಗೆ ಇಳಿದಾಗಿತ್ತು. ಅದು ಮುಂದಿನ ಬೆಳೆಯ ಹುಳುಗಳಿಗೆಂದು ಬಿಟ್ಟಿದ್ದ ಸೊಪ್ಪು. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ರಾಕ್ಷಸನಂತೆ ತಿನ್ನುತ್ತದೆ, ಆಗ ಒಂದು ಸಾಲು ಕಡಿಮೆಯಾದರೂ ಗೂಡು ಸಣ್ಣದಾಗುತ್ತದೆ. ಅದು ನನಗೂ ಗೊತ್ತಿತ್ತು.

"ಅಕ್ಕಾ, ನಿಮ್ಮ ಹುಳಕ್ಕೆ?"

"ಅದು ನನ್ ತಲೆನೋವು. ನೀನು ಕೊಯ್ಯಿ."

ಸರ್‌ಗೆ ಮತ್ತೆ ಫೋನು ಮಾಡಿ ಸೋಮವಾರ ಶುರು ಮಾಡುವುದಿಲ್ಲ ಎಂದು ಹೇಳಿದೆ. ಪ್ರಾಣಿಶಾಲೆ ನೋಡಿಕೊಳ್ಳುವವರಿಗೂ ಹೇಳಿದೆ. ಹೇಳಿ ಮುಗಿಸಿದ ಮೇಲೆ ಭಯ ಕಡಿಮೆಯಾಗಲಿಲ್ಲ, ಆದರೆ ಕೈಗೆ ಮಾಡಲು ಕೆಲಸವಿತ್ತು.

ಹುಳು ಮನೆಯಲ್ಲಿ ಒಣಗಿಸುವಂತಿಲ್ಲ. ಗೋಡೆಗೆಲ್ಲ ಬ್ಲೀಚಿಂಗ್ ಹೊಡೆದಾಗಿತ್ತು, ಗುರುವಾರದ ಅತಿಥಿಗಳಿಗಾಗಿ. ಅಕ್ಕ ತಮ್ಮ ಮನೆಯ ನಡುಮನೆಯನ್ನೇ ಖಾಲಿ ಮಾಡಿಸಿದರು. ಮಂಚ ಜಗಲಿಗೆ ಬಂತು, ಟಿವಿ ಅಡುಗೆಮನೆಗೆ ಹೋಯಿತು, ರಾಗಿ ಮೂಟೆಗಳು ಪಕ್ಕದ ಮನೆ ಸೇರಿದವು. ಈ ಸಲ ನಾನು ನೆಲದ ಮೇಲೆ ಕೂತು, ಒಂದೊಂದನ್ನೂ ಬಿಡಿಸಿ ಹೇಳಿದೆ. ನೆಲ ಬರೀ ನೀರಲ್ಲಿ ಒರೆಸಬೇಕು, ಫಿನಾಯಿಲ್ ಬೇಡ. ಸೊಪ್ಪನ್ನು ಬರೀ ನೀರಲ್ಲಿ ತೊಳೆದು ಬಟ್ಟೆಯ ಮೇಲೆ ಒಂದೇ ಪದರ ಹರಡಬೇಕು. ಬಿಸಿಲು ಬೀಳಕೂಡದು, ಫ್ಯಾನು ನಿಧಾನಕ್ಕೆ ತಿರುಗಬೇಕು, ನಾಲ್ಕು ಗಂಟೆಗೊಮ್ಮೆ ಎಲೆ ಮಗುಚಬೇಕು. ಕಡ್ಡಿ ಮುರಿದರೆ ಪಟ್ಟನೆ ಸದ್ದಾಗುವವರೆಗೆ.

"ಅರಿಶಿನ?" ಎಂದರು ಅಕ್ಕ.

"ಅರಿಶಿನವೂ ಬೇಡ ಅಕ್ಕ."

"ಊದುಬತ್ತಿ?"

"ಬೇಡ."

"ಸೊಳ್ಳೆ ಬತ್ತಿ?"

"ಅಕ್ಕಾ!"

"ಕೇಳ್ದೆ ಕಣಮ್ಮ. ಕೇಳ್ದಿದ್ರೆ ಬೈತೀಯ, ಕೇಳಿದ್ರೂ ಬೈತೀಯ."

ಅಕ್ಕನ ಹಳೆಯ ಕಾಟನ್ ಸೀರೆಗಳ ಮೇಲೆ ಸೊಪ್ಪು ಹರಡಿದೆವು. ಹೊಸ್ತಿಲಿನಿಂದ ದೇವರ ಗೂಡಿನವರೆಗೆ ಹಸಿರೋ ಹಸಿರು. ಅಕ್ಕನ ಯಜಮಾನರು ಹೊಲದಿಂದ ಬಂದವರು ಬಾಗಿಲಲ್ಲೇ ನಿಂತರು. ಒಳಗೆ ಕಾಲಿಡಲು ಜಾಗವಿರಲಿಲ್ಲ.

"ಹುಳದ ಮನೆ ಖಾಲಿ, ಮನುಷ್ಯರ ಮನೆ ತುಂಬಾ ಸೊಪ್ಪು. ಇನ್ಮೇಲೆ ನಾವೇ ಹುಳ ಅನ್ನು" ಎಂದು ಹೆಂಡತಿಯನ್ನು ಛೇಡಿಸಿದರು. ಆಮೇಲೆ ಒಂದು ಎಲೆ ಎತ್ತಿ ನನ್ನ ಕಡೆ ತಿರುಗಿದರು. "ಮೇಡಂ, ನಂಗೂ ಕೊಲೆಸ್ಟ್ರಾಲ್ ಐತೆ ಅಂತ ಡಾಕ್ಟರು ಮಾತ್ರೆ ಕೊಟ್ಟವ್ರೆ. ಅದು ಬಿಟ್ಟು ಇದೇ ತಿನ್ಲಾ? ಹುಳಕ್ಕೆ ಎಂದಾದ್ರೂ ಹಾರ್ಟ್ ಅಟ್ಯಾಕ್ ಆಗಿದ್ದು ನೋಡಿದೀರಾ?"

"ಹುಳ ಒಂದು ತಿಂಗಳೂ ಬದುಕಲ್ಲ ಯಜಮಾನ್ರೇ. ನೀವು ಮಾತ್ರೆ ಬಿಟ್ಟರೆ ನಾನು ಈ ಮನೆಗೆ ಕಾಲಿಡೋದಿಲ್ಲ. ಇದು ಇನ್ನೂ ಇಲಿಗೇ ಗೊತ್ತಾಗಿಲ್ಲ, ಮನುಷ್ಯರ ಮಾತು ಆಮೇಲೆ."

ಅವರು ಎಲೆಯನ್ನು ಅದು ಇದ್ದ ಜಾಗದಲ್ಲೇ, ಒಂದೇ ಪದರವಾಗಿ, ಇಟ್ಟರು.

ಮೂರು ದಿನ ರಜೆ ಹಾಕಿ ಅಲ್ಲೇ ಉಳಿದೆ. ಅಣ್ಣ ಕೋಲಾರಕ್ಕೂ ಊರಿಗೂ ಓಡಾಡಿದರು. ಎಲೆ ಮಗುಚುವುದು ಸೊಂಟ ಮುರಿಯುವ ಕೆಲಸ; ನಾನೂ ಅಕ್ಕನೂ ಎರಡು ಕಡೆಯಿಂದ ಕುಕ್ಕರಗಾಲಿನಲ್ಲಿ ಹೊರಟು ನಡುವೆ ಸೇರುತ್ತಿದ್ದೆವು. ನಾನು ಮಾಲೂರು ಕಡೆಯ ಹುಡುಗಿ, ಗುಲಾಬಿ ತೋಟದಲ್ಲಿ ಬೆಳೆದವಳು ಎಂದು ಗೊತ್ತಾದ ಮೇಲೆ ಅವರು ಊರಿನವರ ಮುಂದೆಯೂ ನನ್ನನ್ನು ಮೇಡಮ್ಮ ಎನ್ನುವುದನ್ನು ಬಿಟ್ಟರು. ಮಂಗಳವಾರ ಮಧ್ಯಾಹ್ನ ಅವರು ನನ್ನ ತಲೆಗೆ ಎಣ್ಣೆ ಹಚ್ಚಿದರು. ಅಮ್ಮ ಹೋದ ಮೇಲೆ ಯಾರೂ ನನ್ನ ತಲೆ ಮುಟ್ಟಿರಲಿಲ್ಲ. ನನಗೆ ಆ ಹೆಂಗಸಿನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಅದನ್ನು ಹೇಳಲು ಬಾರದೆ ಎಲೆ ಸರಿಯಾಗಿ ಮಗುಚಿಲ್ಲ ಎಂದು ಜಗಳ ತೆಗೆದೆ.

ಬುಧವಾರ ಸಂಜೆಗೆ ಕಡ್ಡಿ ಪಟ್ಟೆಂದು ಮುರಿಯಿತು. ಗುರುವಾರ ಬೆಳಿಗ್ಗೆ ಅವರ ಹುಳುಗಳು ಬಂದವು, ನನ್ನ ಮೂಟೆಗಳು ಹೊರಟವು.

ಈ ಸಲ ಮೊದಲ ಕೆಲಸ ಬೂದಿ. ತೂಕ ಸರಿಯಿತ್ತು. ಆಮೇಲೆ ಪುಡಿ ಮಾಡಿ ಮೂರು ದಿನ ನೆನೆಹಾಕಿ, ದಿನಕ್ಕೆ ನಾಲ್ಕು ಸಲ ಕಲಕಿ, ಸೋಸಿ, ಕಡಿಮೆ ಬಿಸಿಯಲ್ಲಿ ಆವಿ ತೆಗೆದು ಸತ್ವ ಇಳಿಸಿದೆವು. ಜೇನಿನಷ್ಟು ಗಟ್ಟಿ, ಕಡು ಹಸಿರು. ನೇರಳೆ ನಳಿಕೆಗೆ ಹನಿಸಿದಾಗ ಅಣ್ಣ ನನ್ನ ಹಿಂದೆಯೇ ನಿಂತಿದ್ದರು. ಹಳದಿ ಬಂತು. ಅಣ್ಣ ಹೇಳದೆಯೇ ಬೋಂಡ ತರಲು ಹೋದರು.

ಮುಂದಿನ ವಾರಗಳನ್ನು ಇಲಿಗಳ ಜೊತೆ ಕಳೆದೆ. ದಿನಾ ಒಂದೇ ಹೊತ್ತಿಗೆ ತೂಗಿ, ತೂಕಕ್ಕೆ ತಕ್ಕಷ್ಟು ಸತ್ವವನ್ನು ಬಾಗಿದ ಸೂಜಿಯಲ್ಲಿ ಬಾಯಿಗೆ ಬಿಡುವುದು. ಕೊನೆಗೆ ರಕ್ತ ನೋಡಿದಾಗ ಸತ್ವ ಕುಡಿದ ಗುಂಪುಗಳಲ್ಲಿ ಕೊಲೆಸ್ಟ್ರಾಲು ಇಳಿದಿತ್ತು. ಹೋಲಿಕೆಗೆಂದು ಆಸ್ಪತ್ರೆಯ ಮಾತ್ರೆ ಕೊಟ್ಟಿದ್ದ ಗುಂಪಿನಷ್ಟಲ್ಲ, ಆದರೂ ಇಳಿದಿತ್ತು. ಹೆಚ್ಚು ಪ್ರಮಾಣದ ಗುಂಪಿನಲ್ಲಿ ಯಕೃತ್ತಿನ ಮೇಲಿನ ಉತ್ಕರ್ಷಣ ಒತ್ತಡವೂ ತಗ್ಗಿತ್ತು. ಕುಣಿದಾಡುವಂಥದ್ದಲ್ಲ. ಪ್ರಾಮಾಣಿಕವಾಗಿ ಬರೆಯಬಹುದಾದಂಥದ್ದು.

ಆದರೆ ಬರೆಯುವಾಗ ಪ್ರಾಮಾಣಿಕತೆ ಒಂದು ಕಡೆ ಜಾರಿತು. ಗಡುವಿಗೆ ಕೆಲವೇ ದಿನಗಳಿದ್ದವು. ವಿಧಾನದ ಅಧ್ಯಾಯದಲ್ಲಿ ಎರಡನೆಯ ಬ್ಯಾಚನ್ನು ಕೈಬಿಟ್ಟ ಕಾರಣ ಕೊಡಬೇಕಿತ್ತು. "ಬೆಳೆಗಾರರು ಒಣಗಿಸುವ ಕೋಣೆಯಲ್ಲಿ ಸೋಂಕುನಿವಾರಕ ಬಳಸಿದ್ದರಿಂದ ಆ ಸೊಪ್ಪನ್ನು ತಿರಸ್ಕರಿಸಲಾಯಿತು" ಎಂಬರ್ಥದ ಒಂದು ಇಂಗ್ಲಿಷ್ ವಾಕ್ಯ ಬರೆದೆ. ಅದರಲ್ಲಿ ಒಂದು ಪದವೂ ಸುಳ್ಳಿಲ್ಲ. ನಾನು ಮಾತ್ರ ಅದರಲ್ಲಿ ಎಲ್ಲೂ ಇಲ್ಲ. ಬರೆದಾಗ ನನಗೆ ಅದು ಗೊತ್ತಿತ್ತು, ಪುಟ ತಿರುಗಿಸಿದೆ.

ಮೌಖಿಕ ಪರೀಕ್ಷೆ ನಮ್ಮ ಕಾಲೇಜಿನ ಸಭಾಂಗಣದಲ್ಲೇ ನಡೆಯಿತು. ಯಾರು ಬೇಕಾದರೂ ಬಂದು ಕೂರಬಹುದು. ಅಕ್ಕ, ಯಜಮಾನರು ಇಬ್ಬರೂ ಬಂದು ಕೊನೆಯ ಸಾಲಿನಲ್ಲಿ ಅಣ್ಣನ ಪಕ್ಕ ಕೂತರು. ಅಕ್ಕ ಮದುವೆಗೆ ಉಡುವ ರೇಷ್ಮೆ ಸೀರೆ ಉಟ್ಟಿದ್ದರು. ಪರೀಕ್ಷಕರು ಆಂಧ್ರದ ಕಡೆಯಿಂದ ಬಂದ ಹಿರಿಯರು, ಕನ್ನಡವೂ ಅವರಿಗೆ ತಿಳಿಯುತ್ತಿತ್ತು. ಟೀ ಕುಡಿಯುವಾಗ ಅಣ್ಣನ ಜೊತೆ ತೆಲುಗಿನಲ್ಲಿ ಹಿತವಾಗಿ ಮಾತಾಡಿದ್ದವರು, ಕುರ್ಚಿಯಲ್ಲಿ ಕೂತ ಕೂಡಲೇ ಬೇರೆ ಮನುಷ್ಯರಾದರು.

ಒಂದು ಗಂಟೆ ಇಂಗ್ಲಿಷಿನಲ್ಲಿ ಪ್ರಶ್ನೆಗಳ ಸುರಿಮಳೆ. ನಿಭಾಯಿಸಿದೆ. ಕೊನೆಗೆ ಅವರು ನಾನು ಹೆದರಿದ್ದ ಪುಟವನ್ನೇ ತೆಗೆದರು.

ಸೋಂಕುನಿವಾರಕ ಎಂದರೆ ಯಾವುದು ಎಂದು ಕೇಳಿದರು. ಬ್ಲೀಚಿಂಗ್ ಪೌಡರ್ ಬೆರೆಸಿದ ಸುಣ್ಣ ಎಂದೆ. ಬೆಳೆಗಾರರಿಗೆ ಒಣಗಿಸುವ ವಿಧಾನ ತಿಳಿಸಿರಲಿಲ್ಲವೇ? ತಿಳಿಸಿದ್ದೆ ಎಂದೆ. ಹಾಗಾದರೆ ಅವರು ನಿಮ್ಮ ಸೂಚನೆಯನ್ನು ಮೀರಿದರೇ?

ಇಲ್ಲ ಎಂದರೆ ನನ್ನ ವಿಧಾನವೇ ಪ್ರಶ್ನೆಗೆ ಬೀಳುತ್ತದೆ. "ಎಸ್ ಸರ್" ಎಂದುಬಿಟ್ಟೆ.

ಪರೀಕ್ಷಕರು ಹುಬ್ಬು ಗಂಟಿಕ್ಕಿ ಏನನ್ನೋ ಗುರುತು ಮಾಡಿಕೊಂಡರು. ಕೊನೆಯ ಸಾಲಿನಲ್ಲಿ ಕುರ್ಚಿ ಕಿರ್ರೆಂದಿತು. ಅಕ್ಕ ಎದ್ದು ನಿಂತಿದ್ದರು. ಅಷ್ಟು ಹೊತ್ತಿನ ಇಂಗ್ಲಿಷಿನಲ್ಲಿ ಅವರಿಗೆ ತಿಳಿದಿದ್ದು ಬ್ಲೀಚಿಂಗ್ ಪೌಡರ್ ಎಂಬ ಎರಡು ಪದ, ಮತ್ತೆ ನನ್ನ ಮುಖ. ಯಜಮಾನರು ಸೆರಗು ಹಿಡಿದು ಜಗ್ಗುತ್ತಿದ್ದರೂ ಲೆಕ್ಕಿಸದೆ ಪರೀಕ್ಷಕರಿಗೆ ಕೈ ಮುಗಿದರು.

"ತಪ್ಪು ನಾದಿ ಸಾರ್, ಈ ಪಿಲ್ಲದಿ ಕಾದು" ಎಂದರು. ತಪ್ಪು ನನ್ನದು, ಈ ಮಗುವಿನದಲ್ಲ.

ಅವರಿಗೆ ಚೆನ್ನಾಗಿ ಗೊತ್ತಿತ್ತು ತಪ್ಪು ಯಾರದೆಂದು. ತಮ್ಮ ಹುಳು ಮನೆಯಲ್ಲಿ ನಿಂತು ನನಗೆ ನೆನಪು ಮಾಡಿಕೊಟ್ಟವರೇ ಅವರು. ನನ್ನನ್ನು ಉಳಿಸಲು ಅಷ್ಟು ಜನರೆದುರು ಸುಳ್ಳು ಹೇಳುತ್ತಿದ್ದರು. ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆ ಎಂದೂ ಪಟ್ಟಿರಲಿಲ್ಲ.

"ಅಲ್ಲ ಸರ್" ಎಂದೆ. ಇಂಗ್ಲಿಷು ಕೈಬಿಟ್ಟು ಕನ್ನಡದಲ್ಲೇ ಹೇಳಿದೆ, ಅಕ್ಕನಿಗೂ ಕೇಳಲೆಂದು. "ಹುಳುಗಳಿಗೆ ಮಾಡಿದ ಹಾಗೇ ಶುಚಿ ಮಾಡಿ ಅಂತ ಹೇಳಿದವಳು ನಾನು. ಅವರು ನಾನು ಹೇಳಿದ್ದನ್ನೇ ಮಾಡಿದರು. ಈಗ ನಾನು ಎಸ್ ಅಂದದ್ದು ಸುಳ್ಳು. ಪ್ರಬಂಧದಲ್ಲಿ ಬರೆದದ್ದೂ ಪೂರ್ತಿ ನಿಜವಲ್ಲ. ಆಮೇಲೆ ಬಂದ ಒಳ್ಳೆಯ ಸೊಪ್ಪು ಅವರ ಹುಳುಗಳ ಮೇವು."

ನಮ್ಮ ಮಾರ್ಗದರ್ಶಕರು ನೆಲ ನೋಡುತ್ತಿದ್ದರು. ಪರೀಕ್ಷಕರು ಪ್ರಬಂಧವನ್ನು ನನ್ನ ಕಡೆಗೆ ತಿರುಗಿಸಿ, ಆ ವಾಕ್ಯದ ಮೇಲೆ ಪೆನ್ನಿಟ್ಟರು. "ಇಲ್ಲೇ ಸರಿ ಮಾಡಿ" ಎಂದರು ಇಂಗ್ಲಿಷಿನಲ್ಲಿ. ಪೆನ್ನು ತೆಗೆದುಕೊಂಡೆ. ಸೋಂಕುನಿವಾರಕ ಬಳಸಿದ್ದು ಸಂಶೋಧಕಿಯ ಸೂಚನೆಯಂತೆ ಎಂದು ಇಂಗ್ಲಿಷಿನಲ್ಲೇ ಸೇರಿಸಿದೆ. ಅವರು ಓದಿ, ಅಂಚಿನಲ್ಲಿ ಸಹಿ ಹಾಕಿದರು.

ಅಕ್ಕ ಇನ್ನೂ ನಿಂತೇ ಇದ್ದರು. ಪರೀಕ್ಷಕರು ಕೂತುಕೊಳ್ಳಮ್ಮಾ ಎಂದು ತೆಲುಗಿನಲ್ಲಿ ಮೆಲ್ಲಗೆ ಹೇಳಿದರು.

"ಈ ಹುಡುಗೀನ ಪಾಸ್ ಮಾಡ್ತೀರೋ ಇಲ್ವೋ ಮೊದ್ಲು ಅದು ಹೇಳಿ" ಎಂದರು ಅಕ್ಕ. "ಆಮೇಲೆ ಕೂತ್ಕೊತೀನಿ."

ಸಭಾಂಗಣ ಗೊಳ್ಳೆಂದು ನಕ್ಕಿತು. ಪರೀಕ್ಷಕರು ನಗಲಿಲ್ಲ. ಕುರ್ಚಿ ಹಿಂದಕ್ಕೆ ಸರಿಸಿ ಅವರೂ ಎದ್ದು ನಿಂತು, ಅಕ್ಕನಿಗೆ ಕೈ ಮುಗಿದು, "ಪಾಸಮ್ಮಾ" ಎಂದರು.

ಅಕ್ಕ ಕೂತರು.